ಪೆನ್‌ಡ್ರೈವ್‌ಗೂ ಕಾಲು ತೊಳೆಸಿದ ದೊಡ್ಡಮ್ಮ

ಮೊನ್ನೆ ಶುಕ್ರವಾರ ದೊಡ್ಡಮ್ಮ ನನ್ನ ಕಾಲು ತೊಳೆಸಿದಳು. ಸ್ವಲ್ಪ ಹೊತ್ತು ಬಿಟ್ಟು ನನ್ನ ಪೆನ್‌ಡ್ರೈವ್‌ಗೂ ಅದನ್ನೇ ಮಾಡಿದಳು.

ಮೊದಲನೆಯದಕ್ಕೆ ನನ್ನ ತಕರಾರಿರಲಿಲ್ಲ. ತೂಬಗೆರೆ ಹತ್ತಿರದ ದೊಡ್ಡಮ್ಮನ ಮನೆಯ ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಮನೆಯಿದೆ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಟ್ಟೆ. ಅದರಲ್ಲಿ ಕಾಲದ್ದಿ, ಒಳಗಿನ ಬೇರೆ ಚಪ್ಪಲಿ ಮೆಟ್ಟಿಕೊಂಡೇ ಹೋಗಬೇಕು. ಮಂತ್ರಿ ಬಂದರೂ ಅಷ್ಟೇ, ಅಳಿಯ ಬಂದರೂ ಅಷ್ಟೇ. ಜತೆಗೊಂದು ಪ್ರಶ್ನೆ: "ಬೇರೆ ಯಾರ ಹುಳು ಮನೆಗಾದ್ರೂ ಹೋಗಿ ಬಂದ್ಯೇನೇ?" ಹೌದು ಅಂದಿರೋ, ಅಲ್ಲಿಂದಲೇ ವಾಪಸ್. ಒಬ್ಬರ ಹುಳಕ್ಕೆ ತಗುಲಿದ ರೋಗ ಇನ್ನೊಬ್ಬರ ಕಾಲಲ್ಲಿ ನಡೆದುಕೊಂಡು ಬರುತ್ತದಂತೆ.

ಜಗಳವಾದದ್ದು ಎರಡನೆಯದಕ್ಕೆ.

ಅದೇ ಮನೆಯ ಮುಂದಿನ ಕೋಣೆ ಊರಿನ ಆನ್‌ಲೈನ್ ಸೆಂಟರ್. ಪಹಣಿ, ರೇಷನ್ ಕಾರ್ಡು, ಜೆರಾಕ್ಸು, ಮಕ್ಕಳ ಅರ್ಜಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಬ್ಬಳೇ ದೊಡ್ಡಮ್ಮ. ಹಿಂದೆ ಹುಳು, ಮುಂದೆ ಮೌಸು.

ನಾನು ಎಂಥವಳೆಂದು ನಿಮಗೆ ಗೊತ್ತು. ಹೊಸ ಸಾಫ್ಟ್‌ವೇರ್ ಬಂದ ದಿನವೇ ಹಾಕಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ. ಕಾಲೇಜಿನ ಡಿಬೇಟ್ ಟೀಮಿನಲ್ಲಿ ಮೂರು ವರ್ಷ ವಾದ ಮಾಡಿ ಪಳಗಿದವಳು. ಹಾಗಾಗಿ ಬೇರೆಯವರು ಹಾಕಿಕೊಳ್ಳದಿದ್ದರೂ ಸೇರುವುದಿಲ್ಲ. (ಅಪ್‌ಡೇಟ್ ಮಾಡದವರನ್ನು ಇದೇ ಅಂಕಣದಲ್ಲಿ ಬೈದು, ನಿಮ್ಮಿಂದ ವಾಪಸ್ ಬೈಸಿಕೊಂಡದ್ದು ನೆನಪಿದೆ.) ದೊಡ್ಡಮ್ಮನ ಕಂಪ್ಯೂಟರಿನಲ್ಲಿ ಇನ್ನೂ ಆಪರೇಟಿಂಗ್ ಸಿಸ್ಟಮ್‌ನ ಹಿಂದಿನ ವರ್ಷನ್. ಹೊಸದು ಬಂದು ಆಗಲೇ ನಾಲ್ಕು ದಿನ! ಅದನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಅವಳನ್ನು ಉದ್ಧಾರ ಮಾಡಲು ಹೊರಟಿದ್ದೆ.

ನಾನು ಮುಂದಿನ ಕೋಣೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಪಕ್ಕದ ಮನೆಯ ಕಾವ್ಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ದೊಡ್ಡಬಳ್ಳಾಪುರದಲ್ಲಿ ಕಾಲೇಜು ಸಿಕ್ಕಿದೆ, ಹಾಸ್ಟೆಲ್ ಸೀಟಿನ ಅರ್ಜಿಗೆ ಅವತ್ತು ಸಂಜೆ ಐದು ಗಂಟೆಯೇ ಕೊನೆ. ಹಾಸ್ಟೆಲ್ ಸಿಗದಿದ್ದರೆ ಓದಿದ್ದು ಸಾಕು ಎಂದು ಅವರಪ್ಪ ಹೇಳಿಯಾಗಿತ್ತು. ಅವಳ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ಎಲ್ಲವೂ ಸ್ಕ್ಯಾನ್ ಆಗಿ ಆ ಕಂಪ್ಯೂಟರಿನೊಳಗೇ ಇದ್ದವು. ವೆಬ್‌ಸೈಟು ಮಾತ್ರ ಗರಗರ ಸುತ್ತುತ್ತಿತ್ತು.

"ನೋಡು ದೊಡ್ಡಮ್ಮ, ಹಳೇ ವರ್ಷನ್ ಅಂದ್ರೆ ಹಿಂಗೇ ಆಗೋದು. ಪಕ್ಕಕ್ಕೆ ಸರಿ, ಮುಕ್ಕಾಲು ಗಂಟೇಲಿ ಹೊಸದು ಹಾಕ್ಕೊಡ್ತೀನಿ," ಅಂದೆ.

"ಅಕ್ಕಾ, ದಮ್ಮಯ್ಯ ಅಂತೀನಿ. ನನ್ ಅರ್ಜಿ ಹೋಗ್ಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ," ಅಂದಳು ಕಾವ್ಯ.

ದೊಡ್ಡಮ್ಮ ಕನ್ನಡಕದ ಮೇಲಿನಿಂದ ನೋಡಿದಳು. "ನಿನ್ ಲ್ಯಾಪ್‌ಟಾಪ್‌ಗೆ ಹಾಕ್ದ್ಯಾ ಇದನ್ನ?"

"ಮೊದಲನೇ ದಿನವೇ!"

"ಎಲ್ಲಾ ಸರಿಯಾಗಿ ನಡೀತಿದ್ಯಾ?"

"ನಡೀತಿದೆ. ಸೌಂಡ್ ಒಂದು ಬರ್ತಿಲ್ಲ."

"ಮಾತಾಡೋದೇ ಕಸುಬು ಮಾಡ್ಕೊಂಡೋಳ ಮಿಷನ್ನು ಮೂಗಿ ಆಗಿ ಕೂತಿದೆ. ಅದನ್ನ ನನಗೂ ಹಾಕ್ತೀನಿ ಅಂತೀಯಲ್ಲೇ!"

ಕಾವ್ಯ ಅಷ್ಟು ಆತಂಕದಲ್ಲೂ ನಕ್ಕಳು. ಡಿಬೇಟಿನಲ್ಲಿ ಎದುರಾಳಿಯ ಮಾತಿಗೆ ಜಡ್ಜ್ ನಕ್ಕರೆ ಆ ಸುತ್ತು ಹೋಯಿತೆಂದೇ ಅರ್ಥ. ಆದರೂ ಬಿಡಲಿಲ್ಲ. ಹಾಕದಿದ್ದರೆ ಪರವಾಗಿಲ್ಲ, ಫೈಲನ್ನಾದರೂ ಕಾಪಿ ಮಾಡಿಡೋಣ ಎಂದು ಪೆನ್‌ಡ್ರೈವ್ ಚುಚ್ಚಲು ಹೋದೆ. ದೊಡ್ಡಮ್ಮ ಕೈ ಹಿಡಿದಳು.

"ಇದು ಎಲ್ಲೆಲ್ಲಿ ಹೋಗಿ ಬಂದಿದೆ?"

"ಎಲ್ಲೂ ಇಲ್ಲ ದೊಡ್ಡಮ್ಮ, ನನ್ ಬ್ಯಾಗಲ್ಲೇ ಇತ್ತು."

"ಹೊರಗಡೆ ತೊಳ್ಕೊಂಡು ಬಾ."

ಜಗಲಿಯ ಮೇಲೆ ಒಂದು ಮುದಿ ಲ್ಯಾಪ್‌ಟಾಪ್. ಅದರಲ್ಲಿ ಒಂದು ಆ್ಯಂಟಿವೈರಸ್ ಬಿಟ್ಟರೆ ಬೇರೇನೂ ಇಲ್ಲ. ಕೆಟ್ಟರೆ ಅದೊಂದೇ ಕೆಡಬೇಕು, ಅದಕ್ಕೇ ಇಟ್ಟದ್ದು. ಊರಿನವರ ಯಾವ ಪೆನ್‌ಡ್ರೈವ್ ಬಂದರೂ ಮೊದಲು ಅಲ್ಲಿ ಕಾಲು ತೊಳೆದು ಒಳಗೆ ಬರಬೇಕು. ದೊಡ್ಡ ಕಂಪನಿಗಳು ದೊಡ್ಡ ಹೆಸರಿಟ್ಟು ಮಾಡುವುದನ್ನು ಈಕೆ ಬ್ಲೀಚಿಂಗ್ ತಟ್ಟೆ ನೋಡಿ ಮಾಡಿಕೊಂಡಿದ್ದಾಳೆ. ಆದರೆ ಇದು ನನಗೆ ಹೊಳೆದದ್ದು ಆಮೇಲೆ. ಆಗ ನನಗಾದದ್ದು ಅವಮಾನ. ಸೆಕ್ಯುರಿಟಿ ಬಗ್ಗೆ ವಾರವಾರ ಬರೆಯುವವಳ ಪೆನ್‌ಡ್ರೈವ್‌ಗೆ ಸ್ನಾನವೇ?

ಗೊಣಗುತ್ತಲೇ ಚುಚ್ಚಿದೆ. ಪರದೆ ಕೆಂಪಾಯಿತು. ನನ್ನ ಫೋಲ್ಡರುಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕೂತಿದ್ದವು. ಅಪ್ಪಟ ವೈರಸ್.

ಆಗ ನೆನಪಾಯಿತು. ಬೆಳಿಗ್ಗೆ ಬರುವ ದಾರಿಯಲ್ಲಿ, ದೇವನಹಳ್ಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಬಾಡಿಗೆ ಕರಾರು ಪ್ರಿಂಟ್ ಹಾಕಿಸಿದ್ದೆ. ಎರಡೇ ನಿಮಿಷ. ಇದೇ ಪೆನ್‌ಡ್ರೈವ್.

ಒಳಗೆ ಚುಚ್ಚಿದ್ದರೆ? ಕಾವ್ಯಳ ಸ್ಕ್ಯಾನುಗಳಿಗೂ ಅದೇ ಗತಿಯಾಗಬಹುದಿತ್ತು. ಬೇರೆ ಸೆಂಟರಿಗೆ ಓಡೋಣವೆಂದರೆ ದೊಡ್ಡಬಳ್ಳಾಪುರದ ಮುಂದಿನ ಬಸ್ಸು ನಾಲ್ಕೂವರೆಗೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಐದು ದಾಟಿ, ಒಂದು ಹುಡುಗಿಯ ಓದು ನನ್ನ ಉತ್ಸಾಹದಿಂದಲೇ ನಿಂತಿರುತ್ತಿತ್ತು.

ತಲೆ ತಗ್ಗಿಸಿ ಒಳಗೆ ಬಂದು ಹೇಳಿದೆ. ದೊಡ್ಡಮ್ಮ ಬೈಯಲಿಲ್ಲ. ಕಾವ್ಯಳ ಅರ್ಜಿಯಿಂದ ಕಣ್ಣೂ ತೆಗೆಯಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ವೆಬ್‌ಸೈಟಿಗೆ ಮನಸ್ಸು ಬಂತು. ಅರ್ಜಿ ಹೋಯಿತು. ಪ್ರಿಂಟರ್ ಕಿರುಗುಟ್ಟಿ ಸ್ವೀಕೃತಿ ಪತ್ರ ಉಗುಳಿತು. ಕಾವ್ಯ ಅದನ್ನು ಮಡಿಸದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಓಡಿದಳು.

ಸೋತವಳಿಗೂ ಕೊನೆಯ ಮಾತಿನ ಹಕ್ಕಿದೆ. ನಾನೂ ಬಳಸಿಕೊಂಡೆ. "ಅದೆಲ್ಲಾ ಸರಿ ದೊಡ್ಡಮ್ಮ. ಆದ್ರೆ ಅಪ್‌ಡೇಟೇ ಮಾಡದೆ ಕೂತ್ರೆ ಅದೂ ಅಪಾಯ. ಕಳ್ಳರು ನುಗ್ಗೋದೇ ಹಳೇ ತೂತುಗಳಿಂದ."

"ಮಾಡಲ್ಲ ಅಂತ ಯಾರೇ ಹೇಳಿದ್ದು? ತೆಗೆದು ನೋಡು."

ತೆಗೆದೆ. ಸೆಕ್ಯುರಿಟಿ ಅಪ್‌ಡೇಟ್ ಒಂದೂ ಬಾಕಿ ಇರಲಿಲ್ಲ. ಕೊನೆಯದು ಹಿಂದಿನ ಭಾನುವಾರ, ಸೆಂಟರಿಗೆ ರಜಾ ಇದ್ದ ದಿನ ಹಾಕಿದ್ದು.

"ಹುಳು ಮನೆ ತೊಳೆಯೋದು ಬೇರೆ, ಹೊಸಾ ತಳಿ ತಂದು ಸಾಕೋದು ಬೇರೆ ಕಣೇ. ತೊಳೆಯೋದನ್ನ ತಡ ಮಾಡಬಾರ್ದು. ಹೊಸಾ ತಳೀನ ನಾಕು ಜನ ಸಾಕ್ಲಿ, ಗೂಡು ಕಟ್ಟುತ್ತೋ ಇಲ್ವೋ ನೋಡಣ. ಅದೂ ಜ್ವರದ ಹೊತ್ತಲ್ಲಿ ಬಂದು ಕೈ ಹಾಕ್ತೀನಿ ಅಂದ್ರೆ?" (ಹುಳು ಪೊರೆ ಬಿಡುವುದಕ್ಕೆ ಇವರು ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ.)

ತೊಳೆಯುವುದು ಬೇರೆ, ತಳಿ ಬೇರೆ. ಅಂದರೆ ಸೆಕ್ಯುರಿಟಿ ಅಪ್‌ಡೇಟ್ ಬೇರೆ, ಹೊಸ ವರ್ಷನ್ ಬೇರೆ. ಇದನ್ನು ನಿಮಗೆ ಅರ್ಥಮಾಡಿಸಲು ನಾನು ಹಿಂದೊಮ್ಮೆ ಇಡೀ ಅಂಕಣ ಖರ್ಚು ಮಾಡಿದ್ದೆ. ಯಾರಿಗೂ ಅರ್ಥವಾಗಿರಲಿಲ್ಲ. ನನಗೂ ಆಗಿರಲಿಲ್ಲ ಅನ್ನುವುದು ಈಗ ಗೊತ್ತಾಯಿತು.

"ಎಲ್ರೂ ನಿನ್ ಥರ ಕಾಯ್ತಾ ಕೂತ್ರೆ ಮೊದಲು ಸಾಕೋರು ಯಾರು?" ಅಂದೆ. ತರ್ಕದಲ್ಲಿ ಇದಕ್ಕೆ ಉತ್ತರವಿಲ್ಲ, ಬೇಕಾದರೆ ಪರೀಕ್ಷಿಸಿ.

"ನೀನಿದ್ದೀಯಲ್ಲ," ಅಂದಳು ದೊಡ್ಡಮ್ಮ.

(ಅವಳ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಬರೆದಿತ್ತು. ಅಳಿಸಿ ಬಂದೆ. ಒಂದು ಪಾಯಿಂಟ್ ನನಗೂ ಬೇಕಲ್ಲವೇ?)

ಹೊರಡುವಾಗ ಸೊಪ್ಪಿನ ಸಾರಿನ ಡಬ್ಬಿಯ ಜತೆ ಪೆನ್‌ಡ್ರೈವ್ ಕೊಟ್ಟಳು. ಅದರ ಕುತ್ತಿಗೆಗೆ ಕೆಂಪು ನೂಲು.

"ವೈರಸ್ ತೆಗೆದಾಯ್ತಲ್ಲ, ಇದ್ಯಾಕೆ?"

"ಗುರುತಿಗೆ. ನೀನು ಯಾವಾಗ ಬೇಕಾದ್ರೂ ಬಾ. ಇದು ಜಗಲಿ ದಾಟೋದು ಬೇಡ."

ನೂಲು ಇನ್ನೂ ಬಿಚ್ಚಿಲ್ಲ. ನನ್ನ ಕಥೆ ಇರಲಿ. ನಿಮ್ಮ ಪೆನ್‌ಡ್ರೈವ್ ಕೊನೆಯ ಸಲ ಯಾರ ಮನೆಗೆ ಹೋಗಿ ಬಂತು, ಹೇಳಿ ನೋಡೋಣ?