ಹತ್ತನೇ ಮನೆಯ ಹಾಲು

ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆಂಟು ವರ್ಷ ಕಾಲರ್ ಹೊಲಿದ ನಾಗಲಕ್ಷ್ಮಮ್ಮ ಒಂಬತ್ತು ಬಾಡಿಗೆ ಮನೆಗಳಲ್ಲಿ ಹಾಲುಕ್ಕಿಸಿದವರು. ಒಂಬತ್ತು ಸಲವೂ ಓರಗಿತ್ತಿ ಅಂಕಮ್ಮ ಪಕ್ಕದಲ್ಲೇ ನಿಂತು, "ಪೂರ್ವಕ್ಕೆ ಉಕ್ಲಿಲ್ಲ ಕಣೇ, ಅದಕ್ಕೇ ನಿಂಗೆ ಮನೆ ನಿಲ್ಲಲ್ಲ" ಎಂದು ರಾಗ ಎಳೆದಿದ್ದರು. ಈಗ ಅರೆಕೆರೆಯಲ್ಲಿ ಸ್ವಂತದ್ದೊಂದು ಮನೆಯಾಗಿತ್ತು. ಈ ಸಲ ಸಾಕ್ಷಿ ಬೇಕೇಬೇಕು.

"ಮೊಬೈಲಲ್ಲಿ ತೆಗೆದ್ರೆ ಎಡಿಟ್ ಮಾಡ್ಸಿದೀಯ ಅಂತಾಳೆ. ನಿನ್ ರೀಲ್ ಕ್ಯಾಮೆರಾದಲ್ಲೇ ತೆಗಿ ವಿಮಲಾ, ನೆಗೆಟಿವ್ ತೋರಿಸ್ಬೋದು," ಎಂದರು ಸೊಸೆಗೆ.

ಮನೆಪಾಠ, ಎರಡು ವರ್ಷದ ಮಗಳು ಸಮನ್ವಿತಾ, ಇವೆರಡರ ನಡುವೆ ಸಿಕ್ಕ ಹೊತ್ತನ್ನೆಲ್ಲ ಫಿಲ್ಮಿಗೆ ಸುರಿಯುವವಳು ವಿಮಲಾ. ಫ್ಲ್ಯಾಶ್‌ನ ಪವರ್ ಇಳಿಸಿದಷ್ಟೂ ಮಿಂಚು ಚುಟುಕಾಗುತ್ತದೆ, ಹಾರುವ ಹನಿ ಗಾಳಿಯಲ್ಲೇ ನಿಂತಂತೆ ಸಿಗುತ್ತದೆ ಎಂಬುದು ಅವಳಿಗೆ ಗೊತ್ತು. ಮೂರು ದಿನ ಹಾಲುಕ್ಕಿಸಿ ಅಭ್ಯಾಸ ಮಾಡಿದಳು. ಮೂರು ದಿನವೂ ಮನೆಯಲ್ಲಿ ಪಾಯಸ.

ಗೃಹಪ್ರವೇಶದ ಬೆಳಿಗ್ಗೆ ಅಡುಗೆಮನೆಯ ಕಪಾಟಿನ ಮೇಲೆ ಫ್ಲ್ಯಾಶ್ ಕೂರಿಸಿದಳು. ಅದಕ್ಕೆ ವೈರ್ ಇಲ್ಲ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಮಿಂಚಿದರೆ, ಅದನ್ನು ಕಂಡು ತಾನೂ ಮಿಂಚುವ ಕಣ್ಣುಂಟು. ಪವರ್ ಆಮೇಲೆ ಇಳಿಸಿದರಾಯಿತೆಂದು ಮಗಳಿಗೆ ಉಪ್ಪಿಟ್ಟು ತಿನ್ನಿಸಲು ಹೋದಳು.

ತಪ್ಪಾದದ್ದು ಅಲ್ಲೇ. ಆ ಕಣ್ಣಿಗೆ ತನ್ನವರು, ಪರರು ಎಂಬ ಭೇದವಿಲ್ಲ. ಗೊತ್ತು ಮಾಡಿದ್ದ ಫೋಟೋಗ್ರಾಫರ್ ಮೋಹಿತ್ ಹೋಮಕ್ಕೆ ಕ್ಲಿಕ್ಕಿಸಿದಾಗಲೆಲ್ಲ ಅಡುಗೆಮನೆಯಲ್ಲೂ ಮಿಂಚು! ವಿಮಲಾ ಬಂದು ನೋಡುವಷ್ಟರಲ್ಲಿ ಪೂರ್ತಿ ಪವರಿನಲ್ಲಿ ಮಿಂಚಿ ಮಿಂಚಿ ಸೆಲ್ ಸತ್ತಿತ್ತು. ಒಲೆಯ ಮೇಲೆ ಹಾಲು ಆಗಲೇ ಕೆನೆ ನಡುಗಿಸುತ್ತಿತ್ತು.

"ಆಂಟಿ, ಆಗಿಂದ ನಂದೆಲ್ಲಾ ಬೆಳ್ಳಗೆ ಬರ್ತಿತ್ತು, ನಿಮ್ದೇನಾ ಅದು?" ಎಂದ ಮೋಹಿತ್.

"ಆಂಟಿ ಅಂದಿದ್ದಕ್ಕೆ ಆಮೇಲೆ ಬೈತೀನಿ. ನಿನ್ ಫ್ಲ್ಯಾಶ್, ರೇಡಿಯೋ ಟ್ರಿಗರ್ ಎರಡೂ ಕೊಡು!"

"ಮತ್ತೆ ನಂಗೆ?"

"ನಿಂದು ಡಿಜಿಟಲ್ ಅಲ್ವಾ? ಐಎಸ್‌ಒ ಏರಿಸ್ಕೋ ಗುರು, ಫ್ಲ್ಯಾಶ್ ಇಲ್ದೇನೂ ಬರತ್ತೆ!"

ಅವನು ನಗುತ್ತಲೇ, ದೂರದ ಫ್ಲ್ಯಾಶಿಗೆ ಸನ್ನೆ ಕಳಿಸುವ ಆ ಟ್ರಿಗರನ್ನು ಅವಳ ಹಳೇ ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿದ. ಅವನ ಫ್ಲ್ಯಾಶ್ ಕಪಾಟಿನ ಮೇಲೇರಿತು, ಪವರ್ ಹದಿನಾರನೇ ಒಂದು ಭಾಗಕ್ಕೆ ಇಳಿಯಿತು. ಹಾಲು ಏರಿತು. ಕ್ಲಿಕ್.

"ಎಲ್ಲಿ, ತೋರ್ಸು," ಎಂದು ಅಂಕಮ್ಮ ಕ್ಯಾಮೆರಾದ ಬೆನ್ನು ತಡವಿದರು.

"ಹತ್ತು ದಿನ ತಡೀರಿ ದೊಡ್ಡತ್ತೆ."

ಹನ್ನೊಂದನೇ ದಿನ ಪ್ರಿಂಟ್ ಬಂತು. ಓರಗಿತ್ತಿಯರಿಬ್ಬರ ತಲೆಗಳೂ ಅದರ ಮೇಲೆ ಬಾಗಿದವು. ಪಾತ್ರೆಯ ಅಂಚಿನ ಸುತ್ತ ಹಾಲು ಮಲ್ಲಿಗೆ ದಂಡೆಯಂತೆ ನಿಂತಿತ್ತು. ಒಂದೊಂದು ಹನಿಯೂ ಸ್ಪಷ್ಟ.

"ನೋಡೇ, ನಾಲ್ಕು ದಿಕ್ಕಿಗೂ ಹೋಗಿದೆ! ಬರೀ ಪೂರ್ವಕ್ಕೇ ಉಕ್ಬೇಕಿತ್ತು, ಎಲ್ಲಿ ಉಕ್ತು?" ಎಂದು ಅಂಕಮ್ಮ ಗೆದ್ದವರಂತೆ ಕೂತರು.

ವಿಮಲಾಳ ಮುಖ ಸಪ್ಪಗಾಯಿತು. ನಾಗಲಕ್ಷ್ಮಮ್ಮ ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

"ಯಾವ್ ದಿಕ್ಕಿಗಾದ್ರೂ ಹೋಗ್ಲಿ ಬಿಡೇ ಅಕ್ಕಾ, ಬಿದ್ದಿದ್ದು ನನ್ ನೆಲಕ್ಕೇ ತಾನೇ? ಒರೆಸಿದ್ದೂ ನಾನೇ. ಖಾಲಿ ಮಾಡು ಅನ್ನೋರು ಯಾರಿದಾರೆ ಈಗ?"