ನಾಗಮಣಿ ಅಳಿಸಿದ ಸಾಲು

ಆಗ ನಮಗೆ ಕಂಪ್ಯೂಟರ್ ಎಂದರೆ ಹೆಚ್ಚುಕಡಿಮೆ ದೇವರು. ಕೊರಟಗೆರೆಯ ನಮ್ಮ ಹೈಸ್ಕೂಲಿನಲ್ಲಿ ಬೂಟು-ಚಪ್ಪಲಿ ಬಿಟ್ಟೇ ಆ ಕೋಣೆಯೊಳಗೆ ಕಾಲಿಡಬೇಕಿತ್ತು. ಶುಕ್ರವಾರ ಮಾನಿಟರುಗಳ ಹಣೆಗೆ ಕುಂಕುಮ. ಊದುಬತ್ತಿ, ನಮ್ಮ ಕಾಲ್ಚೀಲ, ಜೇಬಿನಲ್ಲಿ ಬಚ್ಚಿಟ್ಟ ಬೇಯಿಸಿದ ಕಡಲೆಕಾಯಿ, ಎಲ್ಲದರ ವಾಸನೆಯೂ ಅಲ್ಲೇ. ನೀವೂ ಆ ಕಾಲದಲ್ಲಿ ಓದಿದವರಾದರೆ ಈಗ ನಗುತ್ತಿರುತ್ತೀರಿ, ನನಗೆ ಗೊತ್ತು.

ಆ ಕಂಪ್ಯೂಟರುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಸೇರಿಸಿದ್ದರು. ಮೇಷ್ಟ್ರು ಒಂದು ಆಟ ಕಲಿಸಿದರು. ಪರದೆಯ ನಡುವೆ ಒಂದು ಅಡ್ಡಗೆರೆ. ನಾವು ಬರೆದದ್ದು ಮೇಲೆ, ಆ ಮೂಲೆಯ ಕಂಪ್ಯೂಟರಿನಲ್ಲಿ ಕೂತವರು ಬರೆದದ್ದು ಕೆಳಗೆ, ಆಗಿಂದಾಗಲೇ, ಒಂದೊಂದೇ ಅಕ್ಷರವಾಗಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದೆವು.

ನನ್ನ ಜೊತೆ ಹೀಗೆ ಮಾತಾಡುತ್ತಿದ್ದವಳು ನಾಗಮಣಿ. ಪಾವಗಡದ ಕಡೆಯವಳು, ಓದಲೆಂದು ಇಲ್ಲಿ ಸೋದರತ್ತೆ-ಮಾವನ ಮನೆಯಲ್ಲಿದ್ದಳು. ಅವಳಿಗೆ ಉಗ್ಗು. ಹಾಜರಿ ಕೂಗಿದಾಗ ‘ಎಸ್ ಸಾರ್’ ಅನ್ನುವಷ್ಟರಲ್ಲಿ ಮೇಷ್ಟ್ರು ಮುಂದಿನ ಹೆಸರಿಗೆ ಹೋಗಿರುತ್ತಿದ್ದರು, ತರಗತಿ ಕಿಸಕ್ಕನೆ ನಗುತ್ತಿತ್ತು. ಅದೇ ಹುಡುಗಿ ಕೀಬೋರ್ಡ್ ಸಿಕ್ಕರೆ ಬಾಯಿಬಡುಕಿ! ಮೇಷ್ಟ್ರ ಮೀಸೆ, ಅತ್ತೆಯ ಸಪ್ಪೆ ಸಾರು, ಯಾವುದನ್ನೂ ಬಿಡುತ್ತಿರಲಿಲ್ಲ. ನಗು ತಡೆಯಲಾರದೆ ನಾನು ಬೈಸಿಕೊಳ್ಳುತ್ತಿದ್ದೆ.

ಒಂದು ದಿನ ‘ಕೈ ಯಾಕೆ ಊದಿದೆ?’ ಎಂದು ಬರೆದೆ. ಕೆಳಗೆ ಅಕ್ಷರಗಳು ಮೂಡತೊಡಗಿದವು: ‘ಉಗ್ಗಿದ್ರೆ ಮಾವ ಬೆಲ್ಟಲ್ಲಿ ಹೊಡೀತಾ’. ಅಲ್ಲಿಗೆ ನಿಂತವು. ಆಮೇಲೆ ಹಿಂದಿನಿಂದ ಒಂದೊಂದಾಗಿ ಅಳಿಸಿಹೋದವು. ಅವುಗಳ ಜಾಗದಲ್ಲಿ ‘ಬಿದ್ದೆ’ ಎಂದು ಬಂತು. ಬೇಗ ಅಳಿಸಿಬಿಟ್ಟರೆ ನನ್ನ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿದ್ದಳು ಪಾಪ.

ಸಂಜೆ ಅಮ್ಮನಿಗೆ ಹೇಳಿದೆ. ಅಮ್ಮ ಮುದ್ದೆಗಿಟ್ಟ ಎಸರನ್ನು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಎಳೆದುಕೊಂಡೇ ಅವರ ಮನೆಗೆ ಹೊರಟಳು.

“ನಮ್ಮನೆ ಇಚಾರ ನಿಮಗ್ಯಾಕಮ್ಮ? ಸುಮ್ಕೆ ಬುಟ್ರೆ ಅವ್ಳ ನಾಲ್ಗೆ ಸರಿಹೋಯ್ತದಾ?” ಎಂದರು ಜಗುಲಿಯಲ್ಲಿದ್ದ ನಾಗಮಣಿಯ ಮಾವ.

“ಮಗೀಗೆ ಮಾತು ತಡ ಆದ್ರೆ ಕಾಯ್ಬೇಕು ಕಣಪ್ಪ. ಬಾಸುಂಡೆ ಬರಂಗೆ ಬಡುದ್ರೆ ಬತ್ತದಾ?” ಎಂದ ಅಮ್ಮ ಒಳಗೆ ಕೂಗಿದಳು, “ಬಾರಮ್ಮ ನಾಗಮಣಿ, ನಿಮ್ಮಪ್ಪ ಬರೋಗಂಟ ನಮ್ಮನೇಲಿರು.”

ನಾಗಮಣಿ ಬಾಗಿಲಿಗೆ ಬಂದು ನನ್ನನ್ನೇ ನೋಡಿದಳು. “ನಿಂ... ನಿಂಗೆ ಹೆಂಗ್ ಗೊತ್ತಾಯ್ತು?” ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಅಮ್ಮ ಕಾದಳು.

“ನೀನು ಅಳಿಸಿದ್ದೂ ಕಾಣ್ತದೆ ಕಣೇ” ಎಂದೆ.

ಅಮ್ಮ ಹೇಳಿಕಳಿಸಿದ್ದಕ್ಕೆ ಕೆಲವೇ ದಿನಗಳಲ್ಲಿ ಅವಳ ಅಪ್ಪ ನಮ್ಮ ಮನೆಗೆ ಬಂದರು. ಮಗಳ ಕೈ ನೋಡಿ “ಅಯ್ಯೋ ತಲ್ಲಿ”, ಅಯ್ಯೋ ತಾಯಿ, ಎಂದು ತೆಲುಗಿನಲ್ಲೇ ಅತ್ತು, ಊರಿಗೆ ಕರೆದುಕೊಂಡು ಹೋದರು. ಅಲ್ಲೇ ಶಾಲೆಗೆ ಸೇರಿದಳಂತೆ. ನಾನು ಬಹಳ ದಿನ ಆ ಮೂಲೆಯ ಕಂಪ್ಯೂಟರಿನ ಕಡೆ ನೋಡುತ್ತಲೇ ಇರಲಿಲ್ಲ.

ಈಗ ನನ್ನ ಮಗಳು ಶಿರಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಭಾನುವಾರ ಮಾತ್ರ ಅವಳ ಕೈಗೆ ಫೋನು. ಇವತ್ತು ‘ಅಲ್ಲಿ ಯಾರಾದರೂ ಏನಾದರೂ ಅಂತಾರಾ ಪುಟ್ಟಿ?’ ಎಂದು ಕೇಳಿದೆ. ‘ಟೈಪಿಂಗ್’ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು, ಬಹಳ ಹೊತ್ತು. ಕೊನೆಗೆ ಬಂದದ್ದು, ‘ಇಲ್ಲಮ್ಮ, ಚೆನ್ನಾಗಿದ್ದೀನಿ.’

ಇಷ್ಟು ಜಾಣ ಫೋನು ಅವಳು ಬರೆದು ಅಳಿಸಿದ್ದನ್ನು ಮಾತ್ರ ನನಗೆ ತೋರಿಸುವುದಿಲ್ಲ. ನಾಳೆ ಬೆಳಗಿನ ಮೊದಲ ಶಿರಾ ಬಸ್ಸಿಗೆ ಹೊರಡುತ್ತಿದ್ದೇನೆ.