ಗೇಣಿನಲ್ಲಿ ಅಳೆದ ಕಾರು
ಇಳಕಲ್ಲಿನಲ್ಲಿ ಟ್ರಂಕು ಮಾಡಿ ಬದುಕಿದ ದಸ್ತಗೀರಸಾಬರು ಮನೆಯಂಗಳದಲ್ಲೇ ಹಳೇ ಕಾಲದ ಕಾರೊಂದನ್ನು ಕಟ್ಟಲು ಕುಳಿತು ಮೂರು ವರ್ಷವಾಯಿತು. ಇಂಜಿನ್ನು ಗುಜರಿ ಜೀಪಿನದು, ಮೈಯೆಲ್ಲ ಅವರೇ ಬಡಿದ ತಗಡು. ಟೇಪು ಮುಟ್ಟುವವರಲ್ಲ, ಅಳತೆಯೆಲ್ಲ ಗೇಣಿನಲ್ಲೇ. ಊಟಕ್ಕೆ ಕರೆದರೆ "ಇದೊಂದ್ ಮೂಲಿ ಬಡದ ಬಂದ್ನಿ" ಎನ್ನುತ್ತಾರೆ. ಅಷ್ಟರಲ್ಲಿ ಬಿಸಿರೊಟ್ಟಿ ಆರಿ ಒಣಗಿ ಕಟಕಾಗಿರುತ್ತದೆ. ಯಾರಾದರೂ "ಸಾಬರ, ಇದು ಜೀಪೋ ಕಾರೋ?" ಎಂದು ನಕ್ಕರೆ, "ಒಡಲು ಬ್ಯಾರೆ, ಸೆರಗು ಬ್ಯಾರೆ ನೇದು ಕೊಂಡಿ ಹಾಕಿದ್ರ ಇಳಕಲ್ ಸೀರಿ ಆಗೂದಿಲ್ಲೇನು?" ಎಂದು ಬಾಯಿ ಮುಚ್ಚಿಸುತ್ತಾರೆ. "ಮತ್ತ ಇಷ್ಟ್ಯಾಕ ಎತ್ತರ?" ಎಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ಹೆಂಡತಿ ರೋಷನಬಿಗೆ ಬೇರೆಯದೇ ದಿಗಿಲು. ಮಂಡಿ ಬಾಗದ ಆಕೆ ಬಸ್ಸಿನ ಮೆಟ್ಟಿಲಿಗೆ ಹೆದರಿ ಹುನಗುಂದದ ತವರಿಗೆ ಹೋಗದೆ ನಾಲ್ಕು ವರ್ಷ. ಇನ್ನು ಇದರೊಳಗೆ ಕೂಡುವುದು ಹೇಗೆ? ನಿನ್ನೆ ಸಾಬರು ಬಾಗಿಲು ತೆರೆದು ನಿಂತರು. ಆಕೆ ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಕುಳಿತಳು. ನೋಯಲೇ ಇಲ್ಲ. ದಿನಾ ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತಷ್ಟೇ ಹಗುರ. "ಎಷ್ಟ ಎತ್ತರ ಇಟ್ಟೀರಿ ಇದನ್ನ?" "ನಿನ್ನ ಕಟ್ಟಿಯಷ್ಟ, ಎರಡೂವರಿ ಗೇಣ" ಎಂದರು ಸಾಬರು, "ಮೊದಲ ಸೀಟ ಮಾಡೇನಿ. ಆಮ್ಯಾಲೆ ಅದರ ಸುತ್ತ ಕಾರು."